ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆ?

ನವರಾತ್ರಿ ಸಮೀಪಿಸಿದಂತೆ ಮೈಸೂರಿನ ಮನೆಮನೆಗಳಲ್ಲಿ ಜೇಡರಬಲೆ ತೆಗೆಯುವ, ನೆಲ ತೊಳೆಯುವ, ಅಟ್ಟದ ಮೇಲಿನ ಬೊಂಬೆಗಳ ಪೆಟ್ಟಿಗೆಯನ್ನು ಕೆಳಗಿಳಿಸುವ ಸಂಭ್ರಮ ಆರಂಭವಾಗುತ್ತದೆ. ಹಜಾರದಿಂದ ಹೊರಟ ಈ ಶುದ್ಧಿಕಾರ್ಯ ಕೊನೆಗೆ ಬಂದು ಮುಟ್ಟುವುದು ಬಚ್ಚಲುಮನೆಯನ್ನು. ಅಲ್ಲಿಯವರೆಗೆ ಪೊರಕೆ, ಹಳೆಯ ಬಟ್ಟೆ ಮತ್ತು ನೀರು ಸಾಕಾಗಿದ್ದ ಕೆಲಸಕ್ಕೆ ಅಲ್ಲಿ ಮಾತ್ರ ಆಸಿಡ್ ಬಾಟಲಿ ಹೊರಬರುತ್ತದೆ. ಗೋಡೆಯ ಟೈಲ್ಸಿನ ಮೇಲೆ, ಷವರಿನ ಕೆಳಗಿನ ನೆಲದ ಮೇಲೆ ಅದನ್ನು ಸುರಿದೊಡನೆ ನೊರೆಯೇಳುತ್ತದೆ, ಹೊಗೆಯಾಡುತ್ತದೆ, ಗಂಟಲು ಉರಿಯುತ್ತದೆ. ಕಾಲು ಗಂಟೆಯಲ್ಲಿ ಬಚ್ಚಲು ಬೆಳ್ಳಗಾಗುತ್ತದೆ. ಸುರಿದದ್ದು ಎಲ್ಲಿಗೆ ಹೋಯಿತು, ಅದನ್ನು ಉಜ್ಜಿದ ಕೈ ಯಾರದು ಎಂಬ ಎರಡು ಪ್ರಶ್ನೆಗಳನ್ನು ಮಾತ್ರ ಯಾರೂ ಕೇಳುವುದಿಲ್ಲ.

ಮೈಸೂರು ಸ್ವಚ್ಛತೆಗೆ ಹೆಸರಾದ ನಗರ. ಕೇಂದ್ರ ಸರ್ಕಾರದ ಸ್ವಚ್ಛತಾ ಶ್ರೇಯಾಂಕದಲ್ಲಿ 2015 ಮತ್ತು 2016ರಲ್ಲಿ ಅದು ದೇಶಕ್ಕೇ ಮೊದಲ ಸ್ಥಾನ ಪಡೆಯಿತು. ಆ ಗೌರವ ಪೌರಕಾರ್ಮಿಕರ ಬೆವರಿನಿಂದ ಬಂದದ್ದು. ಅದನ್ನು ಹಗುರಾಗಿ ಕಾಣುವಂತಿಲ್ಲ. ಆದರೆ ಬೀದಿಯ ಸ್ವಚ್ಛತೆ ಎಲ್ಲರ ಕಣ್ಣಿಗೆ ಬೀಳುತ್ತದೆ, ಬಚ್ಚಲಿನ ಸ್ವಚ್ಛತೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆ. ಒಂದು ಕಡೆಯ ಕೊಳೆಯನ್ನು ಇನ್ನೊಂದು ಕಡೆಗೆ ಸಾಗಿಸುವುದನ್ನೇ ಸ್ವಚ್ಛತೆ ಎಂದು ಕರೆಯುವ ಅಭ್ಯಾಸ ಹೆಚ್ಚಾಗಿ ಬೆಳೆದಿರುವುದು ಈ ಮುಚ್ಚಿದ ಬಾಗಿಲಿನ ಹಿಂದೆಯೇ.

ಕೊಳೆ ಯಾವುದು?

ಕೊಳೆ ಯಾವುದೆಂದು ತಿಳಿಯದೆ ಆಸಿಡ್ ಸುರಿಯುವುದು ರೋಗ ತಿಳಿಯದೆ ಮದ್ದು ಕುಡಿದಂತೆ. ಬಚ್ಚಲಿನ ಕೊಳೆಯಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ.

ಮೊದಲನೆಯದು ನಲ್ಲಿ, ಷವರು ಮತ್ತು ಟೈಲ್ಸಿನ ಮೇಲೆ ಕಟ್ಟುವ ಬಿಳಿಯ ಪದರ. ಮೈಸೂರಿನ ಹಳೆಯ ಭಾಗಗಳಿಗೆ ಹೊಂಗಳ್ಳಿ, ಬೆಳಗೊಳ, ಮೇಳಾಪುರಗಳಿಂದ ಕಾವೇರಿಯ ನೀರು ಬರುತ್ತದೆ. ಬಿದರಗೋಡಿನಿಂದ ಕಬಿನಿಯ ನೀರೂ ಬರುತ್ತದೆ. ಹೊಳೆಯ ನೀರು ಸಾಮಾನ್ಯವಾಗಿ ಮೃದು. ಆದರೆ ನಗರ ಹೂಟಗಳ್ಳಿ, ಬೋಗಾದಿ, ಶ್ರೀರಾಂಪುರಗಳ ಕಡೆಗೆ ಹಬ್ಬಿದಂತೆ ಹಲವು ಬಡಾವಣೆಗಳು ಕೊಳವೆಬಾವಿಯನ್ನು ನೆಚ್ಚಬೇಕಾಯಿತು. ಬಂಡೆಗಳ ಬಿರುಕುಗಳಲ್ಲಿ ಬಹುಕಾಲ ನಿಂತ ಆ ನೀರು ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಲವಣಗಳನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಭಾರತೀಯ ಮಾನಕ ಸಂಸ್ಥೆಯ 2012ರ ಮಾನದಂಡದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು. ಬೇರೆ ನೀರಿನ ಮೂಲವೇ ಇಲ್ಲದಿದ್ದಲ್ಲಿ 600ರವರೆಗೆ ಸಹಿಸಬಹುದು. ಇಂಥ ಗಡಸು ನೀರು ಗೋಡೆಯ ಮೇಲೆ ಒಣಗಿದಾಗ ಉಳಿಯುವುದು ಸುಣ್ಣದ ಅಂಶ. ಅದು ಕೊಳಕಲ್ಲ, ಕಲ್ಲು.

ಎರಡನೆಯದು ಬೂದುಬಣ್ಣದ ಜಿಡ್ಡು. ಸಾಬೂನಿನ ಕೊಬ್ಬಿನಂಶ ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಕೂಡಿ ನೀರಿನಲ್ಲಿ ಕರಗದ ಅಂಟು ಪದಾರ್ಥವಾಗುತ್ತದೆ. ಬಕೆಟ್ಟಿನ ಒಳಮೈಯಲ್ಲಿ ಬೆರಳಾಡಿಸಿದರೆ ಸಿಗುವುದು ಇದೇ. ಮೂರನೆಯದು ಮೂಲೆಗಳ ಕಪ್ಪು ಬೂಷ್ಟು ಮತ್ತು ಕಾಲು ಜಾರಿಸುವ ಲೋಳೆ. ಇವು ಜೀವಿಗಳು. ಇವುಗಳಿಗೆ ಬೇಕಾದುದು ತೇವ ಮತ್ತು ಗಾಳಿಯಾಡದ ಮೂಲೆ.

ಅಗ್ರಹಾರ, ಚಾಮರಾಜಪುರಂಗಳ ಹಳೆಯ ಮನೆಗಳ ಬಚ್ಚಲಿನಲ್ಲಿ ಹಂಡೆಯ ಒಲೆ ದಿನವೂ ಉರಿಯುತ್ತಿತ್ತು. ಅದರ ಶಾಖಕ್ಕೆ ಗೋಡೆ ಒಣಗುತ್ತಿತ್ತು, ಬೂದಿ ಉಜ್ಜುವುದಕ್ಕೆ ಸಿಗುತ್ತಿತ್ತು. ಮೈಗೆ ಕಡಲೆಹಿಟ್ಟು, ತಲೆಗೆ ಸೀಗೆಪುಡಿ ಬಳಸುತ್ತಿದ್ದುದರಿಂದ ಸಾಬೂನಿನ ಜಿಡ್ಡಿನ ಪ್ರಶ್ನೆಯೂ ಅಷ್ಟಿರಲಿಲ್ಲ. ಬಚ್ಚಲಿನ ನೀರು ಹಿತ್ತಿಲಿನ ಬಾಳೆಯ ಬುಡಕ್ಕೆ ಹೋಗುತ್ತಿತ್ತು. ಈಗಿನ ಸ್ನಾನಗೃಹಕ್ಕೆ ಒಲೆಯಿಲ್ಲ. ಎಷ್ಟೋ ಕಡೆ ಕಿಟಕಿಯೂ ಇಲ್ಲ. ತೇವವನ್ನು ಒಳಗೇ ಕೂಡಿಹಾಕಿ, ಅದರಿಂದ ಹುಟ್ಟಿದ ಬೂಷ್ಟನ್ನು ಕೊಲ್ಲಲು ಅಂಗಡಿಯಿಂದ ವಿಷ ತರುವ ವ್ಯವಸ್ಥೆ ಇದು.

ಆಸಿಡ್ ಇದಕ್ಕೆ ಪರಿಹಾರವೆನಿಸುವುದು ತೋರಿಕೆಗೆ ಮಾತ್ರ. ಅದು ಸುಣ್ಣದ ಪದರವನ್ನು ಕರಗಿಸುವಾಗ ಟೈಲ್ಸುಗಳ ನಡುವಿನ ಸಿಮೆಂಟನ್ನೂ ತಿನ್ನುತ್ತದೆ, ಏಕೆಂದರೆ ಸಿಮೆಂಟಿನಲ್ಲಿರುವುದೂ ಸುಣ್ಣವೇ. ಸಂದುಗಳು ಒರಟಾಗುತ್ತವೆ. ಒರಟಾದ ಸಂದಿನಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ. ಮುಂದಿನ ಸಲ ಇನ್ನೂ ಹೆಚ್ಚು ಆಸಿಡ್ ಬೇಕಾಗುತ್ತದೆ. ಅದನ್ನು ಮಾರುವವನಿಗೆ ಇದಕ್ಕಿಂತ ಒಳ್ಳೆಯ ಗಿರಾಕಿ ದೊರೆಯಲಾರ.

ಉಜ್ಜುವ ಕೈ

ಮನೆಯ ಯಜಮಾನ ಬಚ್ಚಲು ತೊಳೆಯುವ ಮನೆಗಳು ವಿರಳ. ಮಧ್ಯಮ ವರ್ಗದ ಬಡಾವಣೆಗಳಲ್ಲಿ ಈ ಕೆಲಸ ಮನೆಯೊಡತಿಯ ಪಾಲಿಗೂ ಬರುವುದಿಲ್ಲ. ಬೆಳಿಗ್ಗೆ ನಾಲ್ಕಾರು ಮನೆಗಳನ್ನು ಸುತ್ತುವ ಹೆಣ್ಣುಮಗಳಿಗೆ ‘ಸ್ವಲ್ಪ ಆಸಿಡ್ ಹಾಕಿ ತಿಕ್ಕಿಬಿಡಮ್ಮ’ ಎಂಬ ಒಂದು ಮಾತಿನಲ್ಲಿ ಅದು ವರ್ಗಾವಣೆಯಾಗುತ್ತದೆ. ಕೈಗವಸು ಇರುವುದಿಲ್ಲ. ಕಿಟಕಿ ತೆರೆದಿರುವುದಿಲ್ಲ. ಬೆರಳಸಂದಿಯ ಚರ್ಮ ಬಿರಿದು, ಉಗುರುಸುತ್ತು ಕೀವಾಗಿ, ಕೆಮ್ಮು ಎದೆಗಿಳಿದರೆ ಅದು ಅವಳ ದೌರ್ಬಲ್ಯವೆನಿಸುತ್ತದೆಯೇ ಹೊರತು ಮನೆಯವರ ಹೊಣೆಯೆನಿಸುವುದಿಲ್ಲ.

ಆಸಿಡ್ ಸಾಲದೆಂದು ಅದರ ಮೇಲೆ ಬ್ಲೀಚಿಂಗ್ ಪುಡಿ ಚೆಲ್ಲುವ ಪದ್ಧತಿಯೂ ಉಂಟು. ಇದು ಅತ್ಯಂತ ಅಪಾಯಕಾರಿ. ಇವೆರಡೂ ಸೇರಿದಾಗ ಕ್ಲೋರಿನ್ ಅನಿಲ ಹೊರಬರುತ್ತದೆ. 1915ರ ಏಪ್ರಿಲಿನಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಶತ್ರುಗಳ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಯುದ್ಧಭೂಮಿಯಲ್ಲಿ ಸೈನಿಕರ ಶ್ವಾಸಕೋಶವನ್ನು ಸುಟ್ಟ ವಸ್ತು ನಾಲ್ಕಡಿ ಅಗಲದ ಬಚ್ಚಲಿನಲ್ಲಿ ಸೌಮ್ಯವಾಗಿ ವರ್ತಿಸುವುದಿಲ್ಲ.

ಕಾನೂನು ಈ ವಿಷಯದಲ್ಲಿ ಪೂರ್ಣ ಮೌನವಾಗಿಲ್ಲ. ಹೆಣ್ಣುಮಕ್ಕಳ ಮೇಲಿನ ಆಸಿಡ್ ದಾಳಿಗಳ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟು 2013ರ ಜುಲೈನಲ್ಲಿ ಆಸಿಡ್ಡಿನ ಬಿಡಿ ಮಾರಾಟಕ್ಕೆ ನಿರ್ಬಂಧ ಹೇರಿತು. ಕೊಳ್ಳುವವರ ಗುರುತಿನ ಚೀಟಿ ನೋಡಬೇಕು, ಪುಸ್ತಕದಲ್ಲಿ ದಾಖಲಿಸಬೇಕು, 18 ವರ್ಷದೊಳಗಿನವರಿಗೆ ಕೊಡಕೂಡದು ಎಂದು ವಿಧಿಸಿತು. ಆದರೆ ಸುಮಾರು ಶೇಕಡ 10ರಷ್ಟು ಹೈಡ್ರೋಕ್ಲೋರಿಕ್ ಆಮ್ಲವಿರುವ ಶೌಚಾಲಯ ಶುದ್ಧಕಗಳು ಬಣ್ಣದ ಬಾಟಲಿಯಲ್ಲಿ ಎಲ್ಲ ಅಂಗಡಿಗಳಲ್ಲೂ ದೊರೆಯುತ್ತವೆ. ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿಪಡಿಸಿ ಕರ್ನಾಟಕ 2004ರಲ್ಲಿಯೇ ಅಧಿಸೂಚನೆ ಹೊರಡಿಸಿತು. ಆದರೆ ಆ ಕೆಲಸ ಮಾಡುವಾಗ ಅವರು ಉಸಿರಾಡುವ ಗಾಳಿ ಹೇಗಿರಬೇಕೆಂದು ನೋಡಲು ಯಾವ ಅಧಿಕಾರಿಯೂ ಮನೆಯೊಳಗೆ ಬರುವುದಿಲ್ಲ.

ಈ ನಾಡಿಗೆ ಇಂಥ ಪ್ರಶ್ನೆ ಹೊಸದಲ್ಲ. 1970ರ ದಶಕದ ಆರಂಭದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕ ನಿಷೇಧಿಸಿತು. ಒಂದು ಮನೆಯ ಶುಚಿತ್ವಕ್ಕಾಗಿ ಇನ್ನೊಬ್ಬರ ದೇಹ ಬೆಲೆ ತೆರಬಾರದು ಎಂಬುದೇ ಆ ಕ್ರಮದ ತಿರುಳು. ಆ ತತ್ತ್ವವನ್ನು ಒಪ್ಪಿದ ಸಮಾಜವು ಬಚ್ಚಲಿನ ಬಾಗಿಲ ಬಳಿ ಅದನ್ನು ಮರೆಯುವುದು ತರವಲ್ಲ. ಆದ್ದರಿಂದ ಹಳೆಯ ಕಾಲದ ಬಚ್ಚಲನ್ನು ಹೊಗಳುವವರೂ ಒಂದು ಮಾತು ನೆನಪಿಡಬೇಕು: ಬೂದಿ, ಹುಣಸೆಗಳ ಆ ದಿನಗಳಲ್ಲೂ ಉಜ್ಜುವ ಕೈ ಹೆಂಗಸರದೋ ಆಳುಗಳದೋ ಆಗಿತ್ತು. ಮರಳಬೇಕಾದುದು ವಸ್ತುಗಳ ಕಡೆಗೆ, ಆ ಏರ್ಪಾಡಿನ ಕಡೆಗಲ್ಲ.

ಕಾಣದ ಹರಿವು

ತಲಕಾವೇರಿಯಲ್ಲಿ ಹುಟ್ಟಿದ ಕಾವೇರಿ, ವಯನಾಡಿನ ಬೆಟ್ಟಗಳಲ್ಲಿ ಹುಟ್ಟಿದ ಕಬಿನಿ, ಇವೆರಡೂ ಗಿರಿಪ್ರದೇಶದ ಕಾಡುಗಳು ಮಳೆಗಾಲದಲ್ಲಿ ಹಿಡಿದಿಟ್ಟು ಕಳುಹಿಸುವ ನೀರು. ಆ ನೀರನ್ನು ಮೈಸೂರು ಪಡೆಯುತ್ತದೆ, ಬಳಸುತ್ತದೆ, ಹಿಂದಕ್ಕೆ ಬಿಡುತ್ತದೆ. ನಗರದ ಉತ್ತರದ ಇಳಿಜಾರು ಕಾವೇರಿಯ ಕಡೆಗಿದೆ. ದಕ್ಷಿಣದ ಇಳಿಜಾರು ದಳವಾಯಿ ಕೆರೆಯ ಮಾರ್ಗವಾಗಿ ಕಬಿನಿಯ ಕಡೆಗಿದೆ. ವಿದ್ಯಾರಣ್ಯಪುರಂ, ಕೆಸರೆ ಮತ್ತು ರಾಯನಕೆರೆಗಳಲ್ಲಿ ಕೊಳಚೆ ನೀರಿನ ಶುದ್ಧೀಕರಣ ಘಟಕಗಳಿವೆ. ಎರಡು ನದಿಗಳೂ ತಿರುಮಕೂಡಲು ನರಸೀಪುರದಲ್ಲಿ ಕೂಡುತ್ತವೆ. 1989ರಲ್ಲಿ ಆರಂಭವಾದ ಅಲ್ಲಿಯ ಕುಂಭಮೇಳದಲ್ಲಿ, 2025ರ ಫೆಬ್ರುವರಿಯಲ್ಲೂ, ಸಹಸ್ರಾರು ಜನ ಪುಣ್ಯಸ್ನಾನ ಮಾಡಿದರು. ಇನ್ನೂ ಕೆಳಗೆ, ಶಿವನಸಮುದ್ರದ ಬಳಿ, ಬೆಂಗಳೂರು ತನ್ನ ಕುಡಿಯುವ ನೀರನ್ನು ಇದೇ ಕಾವೇರಿಯಿಂದ ಎತ್ತಿಕೊಳ್ಳುತ್ತದೆ. ಮೈಸೂರಿನ ಬಚ್ಚಲಿಗೂ ಬೆಂಗಳೂರಿನ ಲೋಟಕ್ಕೂ ನಡುವೆ ಇರುವುದು ಒಂದು ನದಿ.

ಇಲ್ಲಿ ಉತ್ಪ್ರೇಕ್ಷೆ ಸಲ್ಲದು. ಒಂದು ಮನೆಯ ಒಂದು ಬಾಟಲಿ ಆಸಿಡ್ಡಿನಿಂದ ಶುದ್ಧೀಕರಣ ಘಟಕ ಕುಸಿಯುವುದಿಲ್ಲ, ಮೀನು ಸಾಯುವುದಿಲ್ಲ. ಅಪಾರ ನೀರಿನಲ್ಲಿ ಅದು ತೆಳುವಾಗುತ್ತದೆ. ಅದರ ಹುಳಿಗುಣ ಸುಣ್ಣದಂಥ ವಸ್ತುಗಳೊಡನೆ ಕೂಡಿ ತಣಿಯುತ್ತದೆ. ಆದರೆ ತಣಿದ ಮೇಲೂ ಅದರ ಕ್ಲೋರೈಡ್ ಲವಣ ಉಳಿಯುತ್ತದೆ. ಕೊಳಚೆಯನ್ನು ತಿಂದು ಶುದ್ಧಗೊಳಿಸುವವು ಬ್ಯಾಕ್ಟೀರಿಯಾಗಳು. ಅವು ಉಪ್ಪನ್ನು ತಿನ್ನಲಾರವು. ಕರಗಿದ ಲವಣ ಘಟಕವನ್ನು ದಾಟಿ ಕೆರೆಗೆ, ನದಿಗೆ, ಗದ್ದೆಗೆ ಹೋಗುತ್ತದೆ. ನಿಂಬೆ ಅಥವಾ ಹುಣಸೆಯ ಆಮ್ಲವಾದರೆ ಅದೇ ಬ್ಯಾಕ್ಟೀರಿಯಾಗಳಿಗೆ ಆಹಾರ. ವ್ಯತ್ಯಾಸ ಇರುವುದು ಇಲ್ಲಿ.

ಒಳಚರಂಡಿಯಿಲ್ಲದ ಬಡಾವಣೆಗಳಲ್ಲಿ, ಹಾಗೆಯೇ ಮಲೆನಾಡಿನ ಬಹುತೇಕ ಎಲ್ಲ ಮನೆಗಳಲ್ಲಿ, ಪೆಟ್ಟು ಇನ್ನೂ ನೇರ. ಅಲ್ಲಿ ಕೊಳಚೆ ಹೋಗುವುದು ಸೆಪ್ಟಿಕ್ ಟ್ಯಾಂಕಿಗೆ ಅಥವಾ ಇಂಗುಗುಂಡಿಗೆ. ಆ ಸಣ್ಣ ತೊಟ್ಟಿಯೊಳಗಿನ ಬ್ಯಾಕ್ಟೀರಿಯಾಗಳನ್ನು ಬ್ಲೀಚಿಂಗ್ ಪುಡಿ, ಫಿನಾಯಿಲ್‌ಗಳು ಅತಿಯಾದರೆ ಕೊಲ್ಲುತ್ತವೆ. ಗುಂಡಿ ನಾರುತ್ತದೆ, ಬೇಗ ತುಂಬುತ್ತದೆ. ಇಂಗಿದ ನೀರು ಸಮೀಪದ ಬಾವಿಯನ್ನು ಸೇರುತ್ತದೆ.

ಅಡುಗೆಮನೆಯ ಆಮ್ಲ

ಪರ್ಯಾಯ ದೂರದಲ್ಲಿಲ್ಲ. ತಾಮ್ರದ ಹಂಡೆಗೆ ಹುಣಸೆಹಣ್ಣು, ಹಿತ್ತಾಳೆಯ ದೀಪಕ್ಕೆ ನಿಂಬೆ ಹೋಳು, ಎಣ್ಣೆಯ ಪಾತ್ರೆಗೆ ಬೂದಿ ಎಂದು ಅರಿತಿದ್ದ ಹಿರಿಯರಿಗೆ ರಸಾಯನಶಾಸ್ತ್ರದ ಹೆಸರು ತಿಳಿದಿರಲಿಲ್ಲ, ವಿದ್ಯೆ ತಿಳಿದಿತ್ತು. ಹುಳಿಯಿಂದ ಸುಣ್ಣ ಕರಗುತ್ತದೆ, ಕ್ಷಾರದಿಂದ ಜಿಡ್ಡು ಬಿಡುತ್ತದೆ. ಅಗಸರು ಬಟ್ಟೆಗೆ ಬಳಸುತ್ತಿದ್ದ ಸೌಳು ಮಣ್ಣಿನ ಗುಣವೂ ಕ್ಷಾರವೇ.

ಬಿಳಿಯ ಪದರಕ್ಕೆ: ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೊಡುವ ಸಿಟ್ರಿಕ್ ಆಮ್ಲದ ಹರಳುಗಳನ್ನು ಎರಡು ದೊಡ್ಡ ಚಮಚದಷ್ಟು ಒಂದು ಲೀಟರು ಬಿಸಿನೀರಿನಲ್ಲಿ ಕರಗಿಸಿ, ಟೈಲ್ಸಿಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು, ತೆಂಗಿನ ನಾರಿನಿಂದ ಉಜ್ಜಿ ತೊಳೆಯಬೇಕು. ಅದಿಲ್ಲದಿದ್ದರೆ ನೆನೆಸಿ ಹಿಂಡಿದ ಹುಣಸೆರಸ ಅಥವಾ ವಿನೆಗರ್ ಆದೀತು. ಷವರಿನ ತೂತುಗಳು ಕಟ್ಟಿದ್ದರೆ ತಲೆಯನ್ನು ಬಿಚ್ಚಿ ಇದೇ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಸಾಕು. ಕೊಳವೆಬಾವಿಯ ಕಬ್ಬಿಣದ ಕಂದು ಕಲೆಗೆ ನಿಂಬೆ ಮತ್ತು ಉಪ್ಪು, ಕರಾವಳಿಯ ಹಿತ್ತಿಲುಗಳಲ್ಲಿ ಉದುರಿ ಹಾಳಾಗುವ ಬಿಂಬುಳಿಯ ರಸ ಒಳ್ಳೆಯದು. ದಪ್ಪ ಪದರ ಒಂದೇ ಸಲಕ್ಕೆ ಹೋಗದು. ಮೂರು ನಾಲ್ಕು ಸಲ ಮಾಡಬೇಕು. ವರ್ಷಗಳಿಂದ ಕೂತ ಕಲ್ಲು ಕಾಲು ಗಂಟೆಯಲ್ಲಿ ಹೋಗಬೇಕೆಂಬ ಆತುರವೇ ಆಸಿಡ್ ಬಾಟಲಿಯ ಬಂಡವಾಳ.

ಸಾಬೂನಿನ ಜಿಡ್ಡಿಗೆ: ಒದ್ದೆ ಗೋಡೆಯ ಮೇಲೆ ಅಡುಗೆ ಸೋಡಾ ಉದುರಿಸಿ, ಒಣಗಿದ ಹೀರೆಕಾಯಿಯ ನಾರಿನಿಂದ ಉಜ್ಜಬೇಕು. ಜಿಡ್ಡು ಹೆಚ್ಚಾಗಿದ್ದರೆ ಬಟ್ಟೆ ಸೋಡಾ ಬಳಸಬಹುದು. ಆದರೆ ಅದು ಕೈಯನ್ನು ಒಣಗಿಸುವುದರಿಂದ ಕೈಗವಸು ಅಗತ್ಯ. ಹತ್ತು ಹನ್ನೆರಡು ಅಂಟುವಾಳದ ಕಾಯಿಗಳನ್ನು ರಾತ್ರಿ ಒಂದು ಲೀಟರು ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಕಾಲು ಗಂಟೆ ಕುದಿಸಿ ಸೋಸಿದರೆ ನೊರೆಯ ನೀರು ಸಿದ್ಧ. ಇದು ಗಡಸು ನೀರಿನಲ್ಲೂ ಸಾಬೂನಿನಂತೆ ಜಿಡ್ಡು ಕಟ್ಟುವುದಿಲ್ಲ. ಕೆಲವೇ ದಿನಗಳಲ್ಲಿ ಕೆಡುವುದರಿಂದ ಬೇಕಾದಷ್ಟನ್ನೇ ಮಾಡಿಕೊಳ್ಳುವುದು ಲೇಸು.

ಬೂಷ್ಟಿಗೆ: ಮೊದಲ ಮದ್ದು ಗಾಳಿ, ಎರಡನೆಯದು ಬಿಸಿಲು, ಮೂರನೆಯದು ಒಣಬಟ್ಟೆ. ಕೊನೆಯಲ್ಲಿ ಸ್ನಾನ ಮಾಡಿದವರು ಗೋಡೆ, ನೆಲಗಳ ನೀರನ್ನು ಎಳೆದುಹಾಕಿ ಬಾಗಿಲು ತೆರೆದಿಟ್ಟರೆ ಬೂಷ್ಟು ನೆಲೆಯೂರದು, ಬಿಳಿಯ ಪದರವೂ ಕಟ್ಟದು. ಎರಡು ನಿಮಿಷದ ಈ ಕೆಲಸ ಯಾವ ಆಸಿಡ್ಡಿಗಿಂತಲೂ ಬಲಶಾಲಿ. ಬಳಸದ ಬಚ್ಚಲಿನ ತೂಬಿನಿಂದ ನಾತ ಬರುತ್ತಿದ್ದರೆ ಅದಕ್ಕೆ ಫಿನಾಯಿಲ್ ಬೇಡ. ಒಳಗಿನ ತಿರುವಿನಲ್ಲಿ ನಿಲ್ಲಬೇಕಾದ ನೀರು ಆರಿಹೋಗಿರುತ್ತದೆ, ಒಂದು ಚೊಂಬು ನೀರು ಸುರಿದರೆ ಆಯಿತು.

ಕೆಲವು ಎಚ್ಚರಿಕೆಗಳು

ಪ್ರಾಕೃತಿಕವೆಂದ ಮಾತ್ರಕ್ಕೆ ಎಲ್ಲವೂ ನಿರಪಾಯವಲ್ಲ. ಅಮೃತಶಿಲೆ, ಕಡಪ ಕಲ್ಲು, ಶಹಾಬಾದ ಕಲ್ಲುಗಳಿಗೆ ಯಾವ ಹುಳಿಯೂ ಸಲ್ಲದು. ಅವು ಸುಣ್ಣದ ಜಾತಿಯ ಕಲ್ಲುಗಳಾದ್ದರಿಂದ ನಿಂಬೆರಸವೂ ಹೊಳಪನ್ನು ಕೆಡಿಸುತ್ತದೆ. ಅಲ್ಲಿ ಅಂಟುವಾಳವೇ ಸರಿ. ಬ್ಲೀಚಿಂಗ್ ಪುಡಿಯ ಜೊತೆ ನಿಂಬೆ, ವಿನೆಗರುಗಳನ್ನು ಬೆರೆಸಿದರೂ ವಿಷಾನಿಲ ಹೊರಬರುತ್ತದೆ. ಸೋಡಾ ಮತ್ತು ವಿನೆಗರ್ ಎರಡನ್ನೂ ಒಟ್ಟಿಗೆ ಸುರಿದರೆ ಭಾರೀ ಶುದ್ಧಿಯಾಗುತ್ತದೆಂಬ ನಂಬಿಕೆ ಹರಡಿದೆ. ನೊರೆ ನೋಡಲು ಚೆಂದ. ಆದರೆ ಹುಳಿ ಮತ್ತು ಕ್ಷಾರ ಪರಸ್ಪರ ತಣಿಸಿಕೊಂಡು ಉಳಿಯುವುದು ಉಪ್ಪುನೀರು ಮಾತ್ರ. ಒಂದಾದ ಮೇಲೆ ಒಂದನ್ನು, ನಡುವೆ ತೊಳೆದು, ಬಳಸಬೇಕು.

ಮನೆಯಲ್ಲಿ ವಾಂತಿಭೇದಿಯಂಥ ಸೋಂಕು ತಗುಲಿದಾಗ ಬ್ಲೀಚಿಂಗ್ ದ್ರಾವಣಕ್ಕೆ ತನ್ನದೇ ಸ್ಥಾನವಿದೆ. ಆಗ ಅದನ್ನು ಬೇರಾವುದರೊಡನೆಯೂ ಬೆರೆಸದೆ, ತೆಳುವಾಗಿ, ಕಿಟಕಿ ತೆರೆದು ಬಳಸುವುದು ವಿವೇಕ. ವಿರೋಧ ಇರುವುದು ಔಷಧವನ್ನು ಅನ್ನದಂತೆ ಬಳಸುವುದಕ್ಕೆ.

ಕಾಡಿನ ಋಣ

ಇನ್ನೊಂದು ಅಪಾಯವನ್ನೂ ಇಲ್ಲಿಯೇ ಗುರುತಿಸಬೇಕು. ಅಂಟುವಾಳ, ಸೀಗೆಗಳು ನಗರದ ಹೊಸ ಶೋಕಿಯಾಗಿ, ಚೆಂದದ ಪೊಟ್ಟಣಗಳಲ್ಲಿ ನೂರಾರು ರೂಪಾಯಿಗೆ ಮಾರಾಟವಾಗತೊಡಗಿದರೆ ಅದರ ಭಾರ ಬೀಳುವುದು ಕಾಡಿನ ಮೇಲೆ. ಕೊಂಬೆ ಕಡಿದು ಕಾಯಿ ಇಳಿಸುವ ಗುತ್ತಿಗೆದಾರನಿಗೆ ಮುಂದಿನ ವರ್ಷದ ಚಿಂತೆಯಿಲ್ಲ. ಆ ಚಿಂತೆಯಿರುವುದು ಕಾಡಿನಲ್ಲೇ ಬದುಕುವವರಿಗೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಕಿರು ಅರಣ್ಯ ಉತ್ಪನ್ನಗಳ ಸಂಗ್ರಹದ ಹಕ್ಕೂ ಅದರಲ್ಲಿ ಸೇರಿದೆ. ಕೊಳ್ಳುವುದಾದರೆ ಇಂಥ ಆದಿವಾಸಿ ಸಹಕಾರ ಸಂಘಗಳಿಂದ, ನ್ಯಾಯವಾದ ಬೆಲೆ ಕೊಟ್ಟು ಕೊಳ್ಳಬೇಕು. ಉಳಿದಂತೆ ದೇವರಾಜ ಮಾರುಕಟ್ಟೆಯಲ್ಲಿ ಅಗ್ಗವಾದಾಗ ಸಿಗುವ ನಿಂಬೆ, ಮನೆಯ ಹುಣಸೆ, ಹಿತ್ತಿಲ ಹೀರೆ ಇವುಗಳಿಂದಲೇ ಹೆಚ್ಚಿನ ಕೆಲಸ ಸಾಗುತ್ತದೆ.

ಅಣೆಕಟ್ಟು, ಗಣಿ, ಹೆದ್ದಾರಿಗಳ ವಿರುದ್ಧದ ಹೋರಾಟದ ನಡುವೆ ಬಚ್ಚಲಿನ ಮಾತು ಕ್ಷುಲ್ಲಕವೆಂದು ಕೆಲವರಿಗೆ ಅನಿಸಬಹುದು. ನದಿಯ ಮೇಲ್ಭಾಗದ ಜನ ಕಾಡನ್ನು ಉಳಿಸಿಕೊಳ್ಳಲು ಬೀದಿಗಿಳಿದಾಗ ಅದರ ಫಲ ಸೇರುವುದು ಕೆಳಗಿನ ನಗರದ ನಲ್ಲಿಗೆ. ಆ ನಲ್ಲಿಯನ್ನು ತಿರುಗಿಸುವವರಿಗೆ ಆ ನೀರಿನ ಬಗ್ಗೆ ಒಂದು ಕರ್ತವ್ಯವೂ ಇರಬೇಕೆಂದು ಬಯಸುವುದು ದೊಡ್ಡ ಬೇಡಿಕೆಯೇನಲ್ಲ. ಮಲೆನಾಡಿನವರೂ ಈ ಮಾತಿನಿಂದ ಹೊರತಲ್ಲ. ಆಸಿಡ್ ಬಾಟಲಿ ಘಟ್ಟವನ್ನೂ ಹತ್ತಿದೆ.

ಈ ನವರಾತ್ರಿಯಲ್ಲಿ ಬೊಂಬೆಗಳನ್ನು ಇಳಿಸುವ ಮೊದಲು ಬಚ್ಚಲಿನ ಕಿಟಕಿ ತೆರೆಯಲಿ. ಮನೆಗೆಲಸದ ಹೆಣ್ಣುಮಗಳ ಕೈಗೆ ಆಸಿಡ್ ಬಾಟಲಿ ಕೊಡುವುದು ನಿಲ್ಲಲಿ. ಸ್ನಾನ ಮಾಡಿದವರೇ, ಗಂಡಸರೂ ಸೇರಿ, ಗೋಡೆಯ ನೀರನ್ನು ಒರೆಸುವ ರೂಢಿ ಬೆಳೆಯಲಿ. ತೂಬಿನೊಳಗೆ ಇಳಿಯುವ ನೀರು ನರಸೀಪುರದ ಸಂಗಮವನ್ನು ಮುಟ್ಟಲಿರುವ ನೀರು ಎಂಬ ಎಚ್ಚರವಿದ್ದರೆ, ಅದರೊಳಗೆ ಏನನ್ನು ಸುರಿಯಬಾರದೆಂದು ಯಾರೂ ಹೇಳಿಕೊಡಬೇಕಾಗಿಲ್ಲ.